ಎರಡನೆಯ ಬಾಟಲಿ

"ಹೆಣ ಎತ್ತಬ್ಯಾಡ್ರಿ. ಟೆಂಪೋ ಬರಲಿ ತಡೀರಿ!" ಎಂದು ಅಪ್ಪು ಅಂಗಳದ ನಡುವೆ ಕೈ ಅಡ್ಡ ಹಿಡಿದು ನಿಂತ.

ಹೆಗಲು ಕೊಡಲು ಬಗ್ಗಿದ್ದ ನಾಲ್ವರು ನೆಟ್ಟಗಾದರು. ಬಿಜ್ಜರಗಿಯ ಅರ್ಧ ಊರೇ ಅಲ್ಲಿ ನೆರೆದಿತ್ತು. ಹಟ್ಟಿಯಲ್ಲಿ ಕೂಡಿಹಾಕಿದ ಕುರಿಗಳು ಬೆಳಗಿನಿಂದ ಒಂದೇ ಸಮನೆ ಒದರುತ್ತಿದ್ದವು. ಅವುಗಳ ಒಡೆಯ ಅಮೋಘಿ ಹಣೆತುಂಬ ಭಂಡಾರದ ಅರಿಸಿನ ಬಳಿಸಿಕೊಂಡು ಕಂಬಳಿಯ ಮೇಲೆ ಮಲಗಿದ್ದ. ಅವನಿಗಿನ್ನು ಯಾವ ಕುರಿಯ ಗೊಡವೆಯೂ ಇರಲಿಲ್ಲ.

"ಟೆಂಪೋ ಯಾಕೋ?" ಎಂದರು ಊರ ಹಿರಿಯ ಗುರುಪಾದಯ್ಯ.

"ಅಣ್ಣನ್ನ ವಿಜಾಪುರಕ್ಕ ಒಯ್ದು ಆ ದವಾಖಾನಿ ಬಾಗಲದಾಗ ಮಲಗಸ್ತೀನ್ರಿ. ಹಚ್ಚಿದ್ದ ಸಲಾಯಿನ್ ಬಾಟ್ಲಿ ಆ ಡಾಕ್ಟರ್ ಹೆಣ್ಮಗಳು ಕಿತ್ತ ಒಗದಾಳ. ಬಾಗಲದ ಗಾಜಿನಾಗಿಂದ ಕಣ್ಣಾರೆ ಕಂಡೇನಿ. ಅಕೀನ ನಮ್ಮಣ್ಣನ್ನ ಕೊಂದಾಳ!"

"ಹಚ್ಚಿದ್ದ ಬಾಟ್ಲಿ ಯಾರರ ತಗೀತಾರೇನ?" ಎಂದು ಜನ ಗುಜುಗುಜು ಶುರುಮಾಡಿದರು.

ಗಂಡನ ತಲೆಯ ಬಳಿ ಕೂತ ಭೀಮಾಬಾಯಿ ಮೈದುನನ ಕಡೆ ನೋಡಿದಳು. ಸುಮ್ಮನಿದ್ದರೆ ಗಂಡನ ಹೆಣ ಬೀದಿಪಾಲು, ತಪ್ಪಿಲ್ಲದವಳಿಗೆ ಕೆಟ್ಟ ಹೆಸರು. ಬಾಯಿ ಬಿಟ್ಟರೆ ಈ ಮೈದುನ ಉಳಿಯುವವನಲ್ಲ.

*

ಹಿಂದಿನ ದಿನ ಕುರಿ ಹೊಡೆದುಕೊಂಡು ಹೋದ ಅಮೋಘಿ ಎದೆ ಹಿಡಿದುಕೊಂಡು ಮರಳಿದ್ದ. ಮೈ ತಣ್ಣಗೆ ಬೆವೆತಿತ್ತು. ಬಿಸಿಲು ಬಡಿದಿದೆ ಎಂದರು ಎಲ್ಲರೂ. ಸೊರಗಿದವನಿಗೆ ಸಲಾಯಿನ್ ಹಚ್ಚಿದರೆ ಕಸುವು ಬರುತ್ತದೆ ಎಂಬುದರಲ್ಲಿ ಆ ಸೀಮೆಯಲ್ಲಿ ಯಾರಿಗೂ ಅನುಮಾನವಿಲ್ಲ. ತಿಕೋಟಾದ ಸಣ್ಣ ದವಾಖಾನೆಯಲ್ಲಿ ಒಂದು ಬಾಟಲಿ ಮುಗಿಯಿತು. ಇಳಿದಿದ್ದ ಬಿ.ಪಿ. ಏರಲಿಲ್ಲ. ವಿಜಯಪುರಕ್ಕೆ ಒಯ್ಯಿರಿ ಎಂದ ಡಾಕ್ಟರ ಕೈ ಹಿಡಿದು ಅಪ್ಪು ಅಂಗಲಾಚಿದ್ದ: "ಇನ್ನೊಂದ ಹಚ್ಚರಿ ಸಾಹೇಬ್ರ, ನಮ್ಮಣ್ಣಗ ಶಕ್ತಿ ಬರಲಿ."

ಜೀಪಿನಲ್ಲಿ ದಾರಿಯುದ್ದಕ್ಕೂ ಆ ಬಾಟಲಿಯನ್ನು ಎತ್ತಿ ಹಿಡಿದವನೂ ಅವನೇ. ತೋಳು ಸೋತು ನಡುಗಿದರೂ ಕೈ ಇಳಿಸಲಿಲ್ಲ.

ವಿಜಯಪುರದಲ್ಲಿ ಒಳಗೆ ಬಿಟ್ಟದ್ದು ಭೀಮಾಬಾಯಿಯನ್ನು ಮಾತ್ರ. ಡಾಕ್ಟರ್ ಮುಮತಾಜ ಸಣ್ಣ ಸ್ಕ್ಯಾನಿಂಗ್ ಮಿಷನ್ನನ್ನು ಮಂಚದ ಬಳಿಗೇ ತಳ್ಳಿಕೊಂಡು ಬಂದು, ಅಮೋಘಿಯ ಎದೆಗೆ ಒತ್ತಿ ನೋಡಿದಳು. ನೋಡಿದ್ದೇ ತಡ, ಸಲಾಯಿನ್ ತೆಗೆಸಿದಳು.

"ಯಾಕ ತಗದಿ ಯವ್ವಾ?"

"ಇಲ್ಲಿ ನೋಡ್ರಿ ಅವ್ವಾರ, ಇದು ಅವರ ಹಾರ್ಟ್. ಜೋರ ಹಿಂಡಬೇಕಾದ್ದು ಬರೇ ನಡಗಾಕತ್ತೈತಿ. ಹಾಕಿದ ನೀರ ಮುಂದ ನೂಕಾಕ ಆಗವಲ್ದು. ಉಸಿರಾಡೂ ಜಾಗಾದಾಗ ನಿಂತೈತಿ, ಈ ಬಿಳಿ ಗೆರಿ ಅಂದ್ರ ಆ ನೀರ."

ಪರದೆಯ ಮೇಲೆ ಆ ಗುಂಡಿಗೆ ಸೋತ ಕುರಿಮರಿಯ ಪಕ್ಕೆಯಂತೆ ಮಿಡುಕುತ್ತಿತ್ತು.

"ಆ ನೀರ ಹಾಕದಿದ್ರ ಉಳೀತಿದ್ರೇನು?"

"ಹೇಳಾಕ ಬರೂದಿಲ್ರಿ," ಎಂದು ಮುಮತಾಜ ಬೇರೆ ಔಷಧಿ ಶುರುಮಾಡಿದಳು. ನಸುಕಿಗೆ ಗುಂಡಿಗೆ ನಿಂತೇ ಹೋಯಿತು.

*

ಓಣಿಯಲ್ಲಿ ಟೆಂಪೋ ಸದ್ದಾಯಿತು.

"ಎಲ್ಲಿಗರ ಒಯ್ಯಿ. ಮೊದಲ ಬಾಯಾಗ ನೀರ ಬಿಡು. ಒಡಹುಟ್ಟಿದಾಂವ ನೀ," ಎಂದರು ಗುರುಪಾದಯ್ಯ.

ಅಪ್ಪು ಚಂಬು ಹಿಡಿದು ಮೊಣಕಾಲೂರಿ, ಅಣ್ಣನ ಮುಖದ ಮೇಲೆ ಎತ್ತಿದ. ಭೀಮಾಬಾಯಿ ಗಂಡನ ಬಾಯಿಯ ಮೇಲೆ ಅಂಗೈ ಮುಚ್ಚಿದಳು.

"ಬ್ಯಾಡ ಅಪ್ಪು."

"ಯಾಕ ವೈನಿ? ಇದು ನನ್ನ ಕಡೀ ನೀರು!"

"ನಿಮ್ಮಣ್ಣನ ಎದಿತುಂಬ ನೀರ ನಿಂತೈತೋ. ಮಿಷನ್ನಿನಾಗ ನಾನ ನೋಡೇನಿ. ಅದಕ್ಕ ಬಾಟ್ಲಿ ತಗದಾಳ ಆ ಹುಡುಗಿ. ಇನ್ನ ಬ್ಯಾಡಪಾ, ಸಾಕು."

ಅಪ್ಪು ಪಿಳಿಪಿಳಿ ನೋಡಿದ. ಆಮೇಲೆ ಅವನ ಕಣ್ಣು, ದಾರಿಯುದ್ದಕ್ಕೂ ಬಾಟಲಿ ಹಿಡಿದಿದ್ದ ತನ್ನದೇ ಕೈಯ ಮೇಲೆ ನಿಂತಿತು.

ಯಾರೋ ಹೋಗಿ ಟೆಂಪೋದವನನ್ನು ಮರಳಿ ಕಳಿಸಿದರು. ನಾಲ್ವರು ಬಗ್ಗಿ ಅಮೋಘಿಯನ್ನು ಹೆಗಲಿಗೇರಿಸಿಕೊಂಡು ಮಣ್ಣು ಮಾಡಲು ಹೊಲದ ಕಡೆ ಹೊರಟರು. ಖಾಲಿಯಾದ ಅಂಗಳದಲ್ಲಿ ಅಪ್ಪು ಹಾಗೇ ಕೂತಿದ್ದ. ಚಂಬು ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ. ತೋಳು ನಡುಗಿ, ತುಳುಕಿದ ನೀರು ಮೊಣಕೈಯಿಂದ ತೊಟತೊಟನೆ ಕಂಬಳಿಯ ಮೇಲೆ ಬೀಳುತ್ತಿತ್ತು.