ಕೆಂಪು ಬಟ್ಟೆ ಕಟ್ಟಿದ ಕ್ಯಾನು

ಇಂದ್ರಮ್ಮನ ಬಾಯಿಗೆ ಹೆದರದೆ ಔಷಧಿ ಕ್ಯಾನು ತೊಳೆದವರು ಅಶೋಕಪುರಂನಲ್ಲಿ ಯಾರೂ ಇರಲಿಲ್ಲ. ಹದಿನಾರು ವರ್ಷದಿಂದ ಪಂಪಿನ ಕ್ಯಾನು ಬೆನ್ನಿಗೆ ಹೊತ್ತು ಮೈಸೂರಿನ ಮನೆ ತೋಟಗಳಿಗೆ ಔಷಧಿ ಹೊಡೆಯುವುದೇ ಅವಳ ಕಸುಬು. ಅದೇ ಕಸುಬಿನವರು ಎದುರಿಗೆ ಸಿಕ್ಕರೆ ಅವಳು ಕ್ಷೇಮ ಸಮಾಚಾರ ಕೇಳುತ್ತಿರಲಿಲ್ಲ, "ಕ್ಯಾನು ತೊಳೆದ್ಯಾ?" ಎಂದು ಕೇಳುತ್ತಿದ್ದಳು. ಒಮ್ಮೆ ಲಿಂಗರಾಜು ಎಂಬವನು ಪೈಪಿನ ತುದಿಯ, ಕಸ ಕಟ್ಟಿಕೊಂಡ ನಾಜಲನ್ನು ಬಾಯಿಗಿಟ್ಟು ಉಫ್ ಎಂದು ಊದಿದ್ದನ್ನು ಕಂಡು, "ಹೆಂಡ್ತಿ ಮಕ್ಳು ಬ್ಯಾಡ್ವೇನೋ ನಿಂಗೆ? ಹಳೇ ಹಲ್ಲುಜ್ಜೋ ಬ್ರಷ್ಷು ಎಲ್ಲೋಯ್ತು?" ಎಂದು ನಡುಬೀದಿಯಲ್ಲೇ ಅವನ ನೀರಿಳಿಸಿದ್ದಳು. ಪಾಪ, ಅವನು ಅಂದಿನಿಂದ ಅವಳನ್ನು ಕಂಡರೆ ಬೇರೆ ರಸ್ತೆ ಹಿಡಿಯುತ್ತಿದ್ದ.

ಅವಳ ನಿಯಮ ಸರಳ. ಕೆಲಸ ಮುಗಿದ ಕೂಡಲೇ, ಔಷಧಿ ಒಣಗುವ ಮುಂಚೆ, ಕೈಗವಸು ತೆಗೆಯದೆ ಮೂರು ಸಲ ತೊಳೆಯಬೇಕು. ನಡುವಿನ ಸಲ ಬಟ್ಟೆ ಒಗೆಯುವ ಸೋಡ ಹಾಕಿ ನೆನೆಸಬೇಕು. ನೀರನ್ನು ಕ್ಯಾನಿನ ಬಾಯಿಂದ ಚೆಲ್ಲಿದರೆ ಸಾಲದು, ಪಂಪು ಹೊಡೆದು ಪೈಪು, ನಾಜಲಿನಿಂದ ಹೊರಗೆ ಬರಿಸಬೇಕು; ವಿಷ ಅಡಗಿ ಕೂರುವುದು ಅಲ್ಲೇ. ತೊಳೆದ ನೀರು ಮೋರಿಗೆ ಹೋಗಕೂಡದು, ಔಷಧಿ ಹೊಡೆದ ಜಾಗಕ್ಕೇ ಸಿಂಪಡಿಸಿ ಬರಬೇಕು. "ಮೋರಿ ನೀರು ಎಲ್ಲಿಗ್ ಓಯ್ತದೆ ಅಂದ್ಕಂಡಿದ್ದೀಯ? ನಿಮ್ಮತ್ತೆ ಮನೇಗಾ?" ಎನ್ನುವಳು.

ಇಷ್ಟೆಲ್ಲ ಹೇಳುವವಳ ಮನೆಯಲ್ಲೂ ಒಂದು ಗುಟ್ಟಿತ್ತು. ಅವಳ ಹತ್ತಿರ ಇದ್ದದ್ದು ಎರಡು ಕ್ಯಾನು, ಎರಡೂ ಹಸಿರು, ಎರಡೂ ಒಂದೇ ಅಳತೆ. ಒಂದು ಗಿಡಗಳ ಹುಳು ಹೇನಿಗೆ. ಇನ್ನೊಂದು ಖಾಲಿ ಸೈಟುಗಳಲ್ಲಿ ಕಳೆ ಸಾಯಿಸುವ ಔಷಧಿಗೆ. ಅದರ ಹಿಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ್ದಳು. ಕಳೆ ಔಷಧಿಯ ಒಂದು ಗುಟುಕು ಪೈಪಿನಲ್ಲಿ ಉಳಿದಿದ್ದರೂ ಸಾಕು, ಹೂವಿನ ಗಿಡ ಮುರುಟಿ ಸಾಯುತ್ತದೆ. ಅದಕ್ಕೇ ಬೇರೆ ಕ್ಯಾನು. ಆದರೆ ಆ ಕೆಂಪು ಬಟ್ಟೆಯ ಕ್ಯಾನನ್ನು ಮಾತ್ರ ಇಂದ್ರಮ್ಮ ಮೂರು ಸಲ ತೊಳೆಯುತ್ತಿರಲಿಲ್ಲ. ನಾಳೆ ಮತ್ತೆ ಅದೇ ವಿಷ ಕುಡಿಯುವುದಕ್ಕೆ ಇವತ್ತು ಅಭ್ಯಂಜನ ಯಾಕೆ ಎಂದು ಒಂದು ಚೊಂಬು ನೀರು ಕುಲುಕಿ ಮೂಲೆಗಿಡುತ್ತಿದ್ದಳು. ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಅವಳ ಬಾಯಿ ಸುಮ್ಮನಿರುತ್ತಿತ್ತೇ?

ಆಯುಧಪೂಜೆ ಬಂತು. ಮೈಸೂರಿನಲ್ಲಿ ಅಂದು ಸೈಕಲ್ಲಿನಿಂದ ಹಿಡಿದು ಸ್ಕ್ರೂಡ್ರೈವರ್‌ವರೆಗೆ ಎಲ್ಲಕ್ಕೂ ಸ್ನಾನ, ಎಲ್ಲಕ್ಕೂ ಕುಂಕುಮ. ಎಂಟು ತಿಂಗಳ ಹಿಂದೆ ಮನೆಗೆ ಬಂದ ಸೊಸೆ ಸೌಮ್ಯಶ್ರೀ ಬೆಳಗ್ಗೆಯೇ ಕೂತು ಎರಡೂ ಕ್ಯಾನು ಉಜ್ಜಿದಳು. ಅಂಟಿದ್ದ ಮಣ್ಣು, ಎಣ್ಣೆಯ ಜಿಡ್ಡು ಎಲ್ಲ ಹೋಗಿ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಕಂಡವು. ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿದಳು. ಇಂದ್ರಮ್ಮ ಕೈ ಮುಗಿದು, "ಮದುವಣಗಿತ್ತಿ ಇದ್ದಂಗವೆ ಕಣಮ್ಮ" ಎಂದು ಸೊಸೆಯನ್ನು ಮೊದಲ ಸಲ ಹೊಗಳಿದಳು. ವಿಜಯದಶಮಿ ಕಳೆದ ಮರುದಿನ, ಮದುವಣಗಿತ್ತಿಯರಲ್ಲಿ ಒಬ್ಬಳನ್ನು ಬೆನ್ನಿಗೇರಿಸಿಕೊಂಡು ನಜರ್‌ಬಾದಿಗೆ ಹೊರಟಳು.

ಅಲ್ಲಿ ಪೌಲಿನ್ ಟೀಚರ ಮನೆ. ಶಾಲೆಯಿಂದ ನಿವೃತ್ತರಾಗಿ ಹತ್ತು ವರ್ಷವಾದರೂ ಎಲ್ಲರಿಗೂ ಅವರು ಟೀಚರೇ. ಅಂಗಳದಲ್ಲಿ ಮೂರು ಗುಲಾಬಿ ಗಿಡ, ಪಕ್ಕದಲ್ಲಿ ಒಂದು ಕರಿಬೇವು. ಗುಲಾಬಿಗಳನ್ನು ಕಸಿ ಕಟ್ಟಿ ಬೆಳೆಸಿದವರು ಅವರ ಗಂಡ ಅಂತೋಣಪ್ಪ. ತೀರಿಕೊಂಡು ನಾಲ್ಕು ವರ್ಷ. ನವೆಂಬರ್ ಎರಡರಂದು ಚರ್ಚಿನವರೆಲ್ಲ ತಮ್ಮವರ ಸಮಾಧಿಗಳಿಗೆ ಹೂವಿಡುವಾಗ ಟೀಚರು ಅಂಗಡಿ ಹೂವು ಒಯ್ಯುತ್ತಿರಲಿಲ್ಲ. ಅಂತೋಣಪ್ಪನವರ ಗಿಡದ ಹೂವೇ ಅಂತೋಣಪ್ಪನವರಿಗೆ. ಆ ದಿನಕ್ಕೆ ಇನ್ನು ಹತ್ತೇ ದಿನ ಇತ್ತು, ಮೊಗ್ಗುಗಳಿಗೆ ಹೇನು ಹತ್ತಿತ್ತು.

ಇಂದ್ರಮ್ಮ ಟೀಚರು ಹಿಡಿದಿಟ್ಟಿದ್ದ ನೀರಿಗೆ ಬೇವಿನೆಣ್ಣೆ ಬೆರೆಸಿ ಮೂರಕ್ಕೂ ಹೊಡೆದಳು, ಕೈಗೆಟುಕಿದ ಕರಿಬೇವಿಗೂ ಹೊಡೆದಳು. "ಇವತ್ತು ಸಾರಿಗೆ ಎರಡೆಸಳು ಕೀಳಬಹುದಾ?" ಎಂದು ಟೀಚರು ಕೇಳಿದಾಗ, "ಬರೀ ಬೇವಿನೆಣ್ಣೆ ಟೀಚರ್, ತೊಳೆದು ಆಕ್ಕಳಿ, ಏನೂ ಆಗಕ್ಕಿಲ್ಲ" ಎಂದಳು. ಕ್ಯಾನು ತೊಳೆಯಲು ಅವತ್ತು ನಲ್ಲಿಯಲ್ಲಿ ನೀರಿರಲಿಲ್ಲ, ಸಂಜೆ ಬರುವುದಿತ್ತು. ಹಾಗಾಗಿ ಅದನ್ನು ಮನೆಗೆ ತಂದು ತೊಳೆಯಲು ಕೂತಳು.

ಮೊದಲ ನೀರು ಬೇವಿನ ವಾಸನೆ ಹೊಡೆಯಿತು. ಅದನ್ನು ಒಂದು ಬಕೆಟ್ಟಿಗೆ ಹಿಡಿದಿಟ್ಟಳು. ಎರಡನೆಯದಕ್ಕೆ ಸೋಡ ಹಾಕಿ ನೆನೆಸಿ ಪಂಪು ಹೊಡೆದಾಗ ನಾಜಲಿನಿಂದ ಇನ್ನೊಂದು ಘಾಟು ಬಂದು ಮೂಗಿಗೆ ಕುಟುಕಿತು. ಅದು ಬೇವಿನದಲ್ಲ. ಖಾಲಿ ಸೈಟುಗಳ ಘಾಟು. ಇಂದ್ರಮ್ಮನ ಕೈ ಪಂಪಿನ ಮೇಲೇ ನಿಂತಿತು.

ಎದ್ದು ಹೋಗಿ ಇನ್ನೊಂದು ಕ್ಯಾನು ನೋಡಿದಳು. ಅದರ ಹಿಡಿಯಲ್ಲೂ ಬಟ್ಟೆ ಇಲ್ಲ.

"ಸೌಮ್ಯಾ! ಕೆಂಪು ಬಟ್ಟೆ ಎಲ್ಲೇ?"

"ಜಿಡ್ಡಾಗಿತ್ತಲ್ಲ ಅತ್ತೆ, ಪೂಜೆ ದಿನ ಬಿಚ್ಚಿ ಬಿಸಾಕ್ಬುಟ್ಟೆ."

ಇಂದ್ರಮ್ಮನಿಗೆ ರೇಗಿತು. "ಬಿಸಾಕ್ಬುಟ್ಯಾ? ತೊಳೆಯೋಳು ನೆಟ್ಟಗೆ ಒಳಗಾದ್ರೂ ತೊಳೀಬಾರ್ದಿತ್ತಾ? ಮೇಲೆ ತಿಕ್ಕಿ ತಿಕ್ಕಿ ಹಾರ ಹಾಕಿದ್ರೆ ಆಯ್ತಾ?"

ಸೌಮ್ಯಶ್ರೀ ಕಣ್ಣು ತುಂಬಿಕೊಂಡಳು, ಆದರೆ ತಲೆ ತಗ್ಗಿಸಲಿಲ್ಲ. "ಕೇಳಿದ್ನಲ್ಲ ಅತ್ತೆ, ಒಳಗೂ ತೊಳೀಲಾ ಅಂತ. ಒಳಗೆಲ್ಲ ಕೈ ಆಕ್ಬೇಡ, ಮೇಲೆ ಫಳಫಳ ಅನ್ಸು ಸಾಕು ಅಂದ್ರಿ. ಬಟ್ಟೆ ಯಾತಕ್ಕೆ ಅಂತ ನೀವು ಯಾವತ್ತೂ ಹೇಳಿರ್ಲಿಲ್ಲ."

ಹೇಳಿರಲಿಲ್ಲ. ಊರಿಗೆಲ್ಲ ಹೇಳಿದವಳು ಮನೆಯವಳಿಗೆ ಹೇಳಿರಲಿಲ್ಲ. ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂದು ಯಾರನ್ನಾದರೂ ಬೈಯಬೇಕಿದ್ದರೆ ಈಗ ತನ್ನನ್ನೇ ಬೈದುಕೊಳ್ಳಬೇಕಿತ್ತು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಮೂಗು ಮೋಸ ಮಾಡಿರಬಹುದು ಎಂದುಕೊಂಡಳು. ಬಕೆಟ್ಟಿನ ನೀರನ್ನು ಹಿತ್ತಿಲ ಅವರೆ ಬಳ್ಳಿಯ ತುದಿಗೆ ಚಿಮುಕಿಸಿ ಎದುರಿಗೇ ಕುಕ್ಕರಗಾಲಲ್ಲಿ ಕೂತಳು. ಕಳೆ ಔಷಧಿಯಾದರೆ ಕುಡಿ ತಿರುಚಿಕೊಳ್ಳಬೇಕು. ಬೇಗ ಎಂದರೆ ಸಂಜೆಗೆ, ಇಲ್ಲವಾದರೆ ಬೆಳಗ್ಗೆಗೆ. ಕೂತಳು, ಎದ್ದಳು. ಒಳಗೆ ಹೋಗಿ ನೀರು ಕುಡಿದು ಬಂದಳು. ಅವರೆ ಸುಮ್ಮನೆ ನಿಂತಿತ್ತು. ಮತ್ತೆ ಕೂತಳು. ಎಲೆ ಸ್ವಲ್ಪ ಬಾಗಿತೇ? ಗಾಳಿಯಿರಬೇಕು. ಸೌಮ್ಯಶ್ರೀ ತಟ್ಟೆಯಲ್ಲಿ ತಂದಿಟ್ಟ ಮುದ್ದೆ ಆರಿ ಕಲ್ಲಾಯಿತು. ಬೆಳಗ್ಗೆವರೆಗೆ ಕಾಯೋಣ, ಏನೂ ಆಗದೇ ಇದ್ದರೆ ಯಾಕೆ ಸುಮ್ಮನೆ ಟೀಚರ ಮುಂದೆ ತಲೆ ತಗ್ಗಿಸಬೇಕು ಎಂದು ಒಂದು ಮನಸ್ಸು. ಗಿಡಕ್ಕೆ ಬಿದ್ದ ವಿಷ ಗಂಟೆ ಗಂಟೆಗೂ ಬೇರಿನ ಕಡೆ ಇಳಿಯುತ್ತದೆ ಎಂದು ಇನ್ನೊಂದು ಮನಸ್ಸು. ಅಷ್ಟರಲ್ಲಿ ಕರಿಬೇವು ನೆನಪಾಯಿತು.

ತೊಳೆದು ಆಕ್ಕಳಿ, ಏನೂ ಆಗಕ್ಕಿಲ್ಲ. ತನ್ನದೇ ಮಾತು.

ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಅಕ್ಟೋಬರ್ ಎಂದರೆ ಚರ್ಚಿನವರಿಗೆ ಜಪಸರದ ತಿಂಗಳು; ಟೀಚರು ಸಂಜೆ ಅಲ್ಲಿ ಪ್ರಾರ್ಥನೆಗೆ ಕೂರುತ್ತಾರೆ, ಫೋನು ಮನೆಯಲ್ಲೇ ಬಿಟ್ಟಿರುತ್ತಾರೆ. ಇಂದ್ರಮ್ಮ ಚಪ್ಪಲಿ ಮೆಟ್ಟಿ ಓಡಿದಳು.

ದಸರಾ ಮುಗಿದರೂ ಜನ ಮುಗಿದಿರಲಿಲ್ಲ. ಆಟೋ ಅರಮನೆಯ ಹತ್ತಿರ ಬಂದು ಬಸ್ಸುಗಳ ನಡುವೆ ಸಿಕ್ಕಿಕೊಂಡಿತು. "ಸ್ವಲ್ಪ ನುಗ್ಸಪ್ಪ" ಎಂದಳು. "ಎಲ್ಲಿಗ್ ನುಗ್ಸಲಿ ಅಕ್ಕ, ಅರಮನೆ ಒಳಿಕ್ಕಾ?" ಎಂದ ಆಟೋದವನು. ಹಾರ್ಡಿಂಜ್ ಸರ್ಕಲ್ಲಿಗೆ ಮುಂಚೆಯೇ ಇಳಿದು ನಡೆದಳು. ಬಲೂನಿನವರು, ಫೋಟೊ ತೆಗೆಯುವವರು, ನಿಧಾನಕ್ಕೆ ತಿರುಗುವ ಸಂಸಾರಗಳು, ಎಲ್ಲರೂ ಬೇಕೆಂದೇ ಅಡ್ಡ ನಿಂತ ಹಾಗಿತ್ತು. ಚಾಮುಂಡವ್ವಾ, ಇವತ್ತೊಂದು ದಿನ ಅವರು ಸಾರು ಮಾಡದೇ ಇರಲಿ ಎಂದು ಬೇಡಿಕೊಂಡಳು.

ಟೀಚರು ಆಗತಾನೇ ಬಂದು ಗೇಟಿನ ಚಿಲಕ ತೆಗೆಯುತ್ತಿದ್ದರು.

"ಟೀಚರ್, ಕರಿಬೇವು ಕಿತ್ರಾ?"

"ಸಾರಿಗೆ ಒಗ್ಗರಣೆ ಹಾಕಿಟ್ಟೇ ಹೋಗಿದ್ದೆ. ಯಾಕೆ ಇಂದ್ರಮ್ಮ, ಹೀಗೆ ಏದುಸಿರು ಬಿಡ್ತಿದ್ದೀರಿ?"

"ತಿಂದ್ರಾ?"

"ಇನ್ನೂ ಇಲ್ಲ."

ಇಂದ್ರಮ್ಮ ಮೆಟ್ಟಿಲ ಮೇಲೆ ಕೂತಳು. ಎಲ್ಲವನ್ನೂ ಹೇಳಿದಳು. ಸೊಸೆ ಬಟ್ಟೆ ಬಿಚ್ಚಿದ್ದನ್ನು ಮೊದಲು ಹೇಳಹೊರಟು, ಅರ್ಧಕ್ಕೇ ನಿಲ್ಲಿಸಿ, ತಾನು ಆ ಕ್ಯಾನನ್ನು ಯಾವತ್ತೂ ಸರಿಯಾಗಿ ತೊಳೆದಿರಲಿಲ್ಲ ಎಂಬಲ್ಲಿಂದ ಮತ್ತೆ ಶುರು ಮಾಡಿದಳು. ಟೀಚರು ಒಳಗೆ ಹೋಗಿ ಸಾರಿನ ಪಾತ್ರೆ ತಂದು, ಗಿಡಗಳಿಂದ ದೂರ, ಗೋಡೆಯ ಬುಡದಲ್ಲಿ ಮಣ್ಣು ತೋಡಿಸಿ ಸುರಿದು ಮುಚ್ಚಿಸಿದರು.

"ಕಳೆ ಔಷಧೀನೇ ಅಂತ ಖಂಡಿತಾನಾ?"

"ಖಂಡಿತ ಅಂತ ಹೇಳಕ್ಕಾಗಲ್ಲ ಟೀಚರ್. ಬೆಳಗ್ಗೆ ಗೊತ್ತಾಯ್ತದೆ. ಆದ್ರೆ ಬೆಳಗ್ಗೆ ಒಳಗೆ ಅದು ಬೇರಿಗೆ ಇಳಿದ್ಬುಟ್ರೆ ಗಿಡಾನೇ ಹೋಯ್ತದೆ. ಈಗಲೇ ಬುಡದವರೆಗೂ ಕತ್ತರಿಸಿದ್ರೆ ಉಳೀಬೋದು."

"ಮೊಗ್ಗೂ ಸೇರಿ?"

"ಮೊಗ್ಗೂ ಸೇರಿ."

ಟೀಚರು ಗಿಡಗಳ ಹತ್ತಿರ ಹೋಗಿ ಮುಟ್ಟದೆ ಮೊಗ್ಗುಗಳನ್ನು ಎಣಿಸಿದರು. ಹತ್ತೊಂಬತ್ತು ಇದ್ದವು. ಗಿಡಗಳು ಅಂದು ಬೆಳಗ್ಗೆಗಿಂತಲೂ ಚೆನ್ನಾಗಿ ಕಾಣುತ್ತಿದ್ದವು, ಬೇವಿನೆಣ್ಣೆಗೆ ಎಲೆಗಳು ಮಿರಮಿರ ಮಿಂಚುತ್ತಿದ್ದವು. ಇಂಥ ಗಿಡವನ್ನು ಬರಿಯ ಅನುಮಾನದ ಮೇಲೆ ಕಡಿಯಿರಿ ಎಂದು ಹೇಳುತ್ತಿದ್ದೇನಲ್ಲ, ನಾಳೆ ಅವರೆ ನೆಟ್ಟಗೆ ನಿಂತಿದ್ದರೆ ಈ ಮುಖವನ್ನು ಎಲ್ಲಿಟ್ಟುಕೊಳ್ಳಲಿ ಎಂದುಕೊಂಡಳು ಇಂದ್ರಮ್ಮ.

"ಕತ್ತರಿ ಬಾಗಿಲ ಹಿಂದಿದೆ" ಎಂದರು ಟೀಚರು. "ನೀವೇ ಕತ್ತರಿಸಿ. ನನ್ನ ಕೈಲಿ ಆಗಲ್ಲ."

ಮೂರು ಗಿಡಕ್ಕೆ ಹತ್ತು ನಿಮಿಷ ಸಾಕಾಯಿತು. ಕರಿಬೇವಿನ ಔಷಧಿ ಬಿದ್ದ ಕೊಂಬೆಗಳನ್ನೂ ತೆಗೆದಳು. ಎಲ್ಲವನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಟೀಚರು ಅಷ್ಟು ಹೊತ್ತೂ ಗೋಡೆ ನೋಡಿಕೊಂಡು ನಿಂತಿದ್ದರು. ಕೊನೆಗೆ, "ಆಯ್ತು. ಹೋಗಿ ಇಂದ್ರಮ್ಮ" ಎಂದಷ್ಟೇ ಹೇಳಿ ಬಾಗಿಲು ಹಾಕಿಕೊಂಡರು. ನಾಳೆ ಬನ್ನಿ ಎನ್ನಲಿಲ್ಲ.

ಬೆಳಕು ಹರಿಯುವ ಮುಂಚೆ ಇಂದ್ರಮ್ಮ ಹಿತ್ತಿಲಿಗೆ ಹೋದಳು. ಅವರೆಯ ಕುಡಿ ಒಗೆದ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತ್ತು. ಗುಲಾಬಿಗಳನ್ನು ಸುಮ್ಮನೆ ಕಡಿದಿರಲಿಲ್ಲ. ಗಿಡ ಸತ್ತದ್ದಕ್ಕೆ ಸಮಾಧಾನಪಟ್ಟದ್ದು ಜೀವಮಾನದಲ್ಲಿ ಅದೇ ಮೊದಲು. ಹಿಂದೆ ನಿಂತಿದ್ದ ಸೊಸೆಗೆ, "ನಿನ್ದೇನೂ ತಪ್ಪಿಲ್ಲ ಕಣಮ್ಮ, ನಂದೇಯ" ಎಂದಳು. ಅವಳನ್ನು ಎದುರಿಗೆ ಕೂರಿಸಿಕೊಂಡು ಕಳೆ ಔಷಧಿಯ ಕ್ಯಾನನ್ನು ಬಿಚ್ಚಿ, ಜಾಲರಿ, ವಾಷರು, ನಾಜಲು ಒಂದೊಂದನ್ನೂ ತೋರಿಸಿ ತೊಳೆದಳು. ಮತ್ತೆ ಬಟ್ಟೆ ಕಟ್ಟಲಿಲ್ಲ. ಕೆಂಪು ಬಣ್ಣ ತಂದು ಇಡೀ ಕ್ಯಾನಿಗೆ ಬಳಿದಳು.

ಆಮೇಲಿನ ದಿನಗಳು ನೆಟ್ಟಗೆ ಸಾಗಲಿಲ್ಲ. ಬೇರೆ ಮನೆಗಳಿಗೆ ಹೋದಾಗಲೂ ಕಿವಿ ಫೋನಿನ ಮೇಲೇ ಇರುತ್ತಿತ್ತು. ಲಿಂಗರಾಜು ತಪ್ಪಿಸಿಕೊಳ್ಳಲಾಗದೆ ಎದುರಿಗೆ ಸಿಕ್ಕಾಗ ಕ್ಯಾನು ತೊಳೆದ್ಯಾ ಎಂದು ಕೇಳಲು ಬಾಯಿ ಬರಲಿಲ್ಲ, "ಚೆನ್ನಾಗಿದ್ದೀಯಾ?" ಎಂದಳು. ಅವನು ಗಾಬರಿಯಾಗಿ ತಿರುತಿರುಗಿ ನೋಡುತ್ತಾ ಹೋದ. ನವೆಂಬರ್ ಎರಡು ಬಂತು, ಹೋಯಿತು. ಮೂರನೆಯ ತಾರೀಖು ಬೆಳಗ್ಗೆ ಟೀಚರ ಫೋನು ಬಂತು. "ಹುಳುವಿನ ಕ್ಯಾನು ತಗೊಂಡು ಬನ್ನಿ." ಅಷ್ಟೇ.

ಹೋದಾಗ ಟೀಚರು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಲ್ಲಿಯ ಕೆಳಗೆ ತುಂಬಿದ ಬಕೆಟ್ಟು, ಪಕ್ಕದಲ್ಲಿ ಸೋಡದ ಪೊಟ್ಟಣ, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು.

"ಮೊದಲು ಇಲ್ಲೇ ತೊಳೀರಿ. ನನ್ನೆದುರಿಗೆ."

ಇಂದ್ರಮ್ಮ ಕೈಗವಸು ಹಾಕಿಕೊಂಡಳು. ಊರಿಗೆಲ್ಲ ಪಾಠ ಹೇಳಿದವಳು ಮೊದಲ ತರಗತಿಯ ಹುಡುಗಿಯ ಹಾಗೆ ನಿಂತು ಪಂಪು ಹೊಡೆದಳು. ಟೀಚರು "ಒಂದು" ಎಂದರು. ಸೋಡ ಹಾಕಿ ನೆನೆಸಿ ಮತ್ತೆ ಹೊಡೆದಾಗ "ಎರಡು" ಎಂದರು. ನಾಜಲು ಬಿಚ್ಚಿ ಬ್ರಷ್ಷಿನಿಂದ ಉಜ್ಜಿ, ಜೋಡಿಸಿ ಇನ್ನೊಮ್ಮೆ ಹೊಡೆದಳು. "ಮೂರು."

"ಈಗ ಬನ್ನಿ" ಎಂದು ಟೀಚರು ಎದ್ದರು. ಮೂರು ಮೋಟುಗಳಲ್ಲಿ ಎರಡು ಕಪ್ಪಾಗಿ ಒಣಗಿದ್ದವು. ಮೂರನೆಯದರ ಬುಡದಲ್ಲಿ, ಸಿಪ್ಪೆ ಸೀಳಿಕೊಂಡು, ರಾಗಿಕಾಳಿನಷ್ಟು ಕೆಂಪು ಚಿಗುರು. ಅದಕ್ಕೆ ಆಗಲೇ ಒಂದು ಹೇನು ಹತ್ತಿತ್ತು.

"ನಿನ್ನೆ ಸಮಾಧಿಗೆ ಬರಿಗೈಯಲ್ಲಿ ಹೋದೆ" ಎಂದರು ಟೀಚರು. "ಈ ಸಲ ಹೂವಿಲ್ಲ ಅಂತೋಣಪ್ಪ, ಇಂದ್ರಮ್ಮನ ಕೈಯಿಂದ ತಪ್ಪಾಯ್ತು ಅಂತ ಅವರಿಗೆ ಹೇಳ್ದೆ. ಓಡಿ ಬಂದು ಹೇಳಿದ್ದೂ ಅವಳೇ ಅಂತಲೂ ಹೇಳ್ದೆ."

ಇಂದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಬೇವಿನೆಣ್ಣೆಯ ಬಾಟಲಿಯ ಮುಚ್ಚಳ ತಿರುಗಿಸಿದಳು. ಬೆರೆಸುವ ಮುಂಚೆ ಇನ್ನೊಮ್ಮೆ ಕ್ಯಾನಿನ ಬಾಯಿಗೆ ಮೂಗಿಟ್ಟು ನೋಡಿದಳು, ಆಮೇಲೆ ಅದನ್ನು ಟೀಚರ ಮೂಗಿನ ಹತ್ತಿರಕ್ಕೂ ಹಿಡಿದಳು.