ವಾಲಿದ ದೋಣಿಯಲ್ಲಿ ಒಂದು ನಿಂಬೆಹಣ್ಣು

ನಿಂಬೆಹಣ್ಣು ಉರುಳಿಕೊಂಡು ಹೋಗಿ ಎಡಮೂಲೆಯಲ್ಲಿ ಸಿಕ್ಕಿಕೊಂಡಿತಲ್ಲ, ಬೆಳಿಗ್ಗೆ ಹತ್ತೂವರೆಗೆ, ದೋಣಿ ಕೆಸರು ಕಚ್ಚಿ ಗಕ್ಕನೆ ನಿಂತಾಗ ಸಿಗಡಿ ತಟ್ಟೆಯಿಂದ ಹಾರಿದ್ದು, ಈಗ ಮೂರಾಗುತ್ತ ಬಂತು, ಅಲ್ಲೇ ಇದೆ, ನಾನೂ ಇಲ್ಲೇ ಇದ್ದೇನೆ, ಬೆನ್ನು ಗೋಡೆಗೆ ಕೊಟ್ಟು, ಗೋಡೆಯೇ ಈಗ ಅರ್ಧ ನೆಲ, ಕಾಲನ್ನು ಮೇಜಿನ ಕಂಬಕ್ಕೆ ಒತ್ತಿಕೊಂಡು, ಕಾಲು ತೆಗೆದರೆ ನಾನೂ ಉರುಳಿ ಅದರ ಪಕ್ಕಕ್ಕೇ ಹೋಗಿ ಬೀಳುತ್ತೇನೆ — ನೀರಿಳಿದ ಮೇಲೆ ಹಾಯಿದೋಣಿ ನೆಟ್ಟಗೆ ನಿಲ್ಲುವುದಿಲ್ಲ, ಮಗ್ಗುಲಿಗೆ ಮಲಗಿಬಿಡುತ್ತದೆ, ಮತ್ತೆ ಉಬ್ಬರ ಬರುವ ತನಕ ಯಾರಪ್ಪ ಬಂದರೂ ಏಳಿಸಲಾಗದು. ಆಳದ ದಾರಿ ತೋರಿಸುವ ಹಸಿರು ಗೂಟದ ಆಚೆಯಿಂದ ಹೋಗು ನೆವ್ ಎಂದೆ, ಈಚೆಯಿಂದ ಹೋದ್ರೆ ಹತ್ತು ನಿಮಿಷ ಉಳಿಯುತ್ತೆ ಕಣೇ ಗ್ಲೆನ್, ಐವತ್ತು ವರ್ಷದಿಂದ ಈ ಕೊಲ್ಲೀಲಿ ಓಡಾಡಿದೀನಿ, ನನಗೆ ಗೂಟ ತೋರಿಸ್ತೀಯಾ ಎಂದ — ಉಳಿಯಿತು ಹತ್ತು ನಿಮಿಷ, ಚೆನ್ನಾಗಿ ಉಳಿಯಿತು. ನನ್ನ ಹಿತ್ತಿಲ ನಿಂಬೆ ಅದು, ದಪ್ಪ ಸಿಪ್ಪೆಯದು, ಕಡಲದಡದ ಊರು ವಿನ್ನಮ್‌ನ ಆ ಮನೆ ಕೊಂಡ ವಾರವೇ ನೆಟ್ಟ ಗಿಡ, ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿ ಸಾಲ ತೀರಿಸಿದ ಮನೆ, ಸಂಜೆ ಬಸ್ಸು ಬಿಟ್ಟು ಬಂದು ಪೈಪು ಹಿಡಿದು ಅದರ ಬುಡದಲ್ಲಿ ನಿಂತರೆ ನಲವತ್ತು ಮಕ್ಕಳ ಕಿರುಚಾಟ ಕಿವಿಯಿಂದ ಇಳಿದುಹೋಗುತ್ತಿತ್ತು. ಇವತ್ತು ಐದು ಗಂಟೆಗೆ ಆ ಮನೆಗೆ ನಾನು ಹ್ಞೂಂ ಅನ್ನಬೇಕು, ಮಾರಾಟಕ್ಕೆ.

ಬೆನ್ನ ಹಿಂದೆ ಕರಕರ ಸದ್ದು, ನಡುವೆ ಬರೀ ಎರಡು ಬೆರಳು ದಪ್ಪದ ಹಲಗೆ, ಆಚೆ ನನ್ನ ಗಂಡ ನೆವಿಲ್, ಎಪ್ಪತ್ತೊಂದು ವಯಸ್ಸು, ತೊಡೆತನಕ ಕೆಸರುನೀರಿನಲ್ಲಿ ನಿಂತು ದೋಣಿಯ ತಳ ಉಜ್ಜುತ್ತಿದ್ದಾನೆ, ತಳ ಕೊಳೆಯಾಗಿದೆಯೆಂದಲ್ಲ, ಕೆಸರಿಗೆ ಏರಿಸಿದವರೆಲ್ಲ ಇಲ್ಲಿ ಮಾಡುವ ಮೊದಲ ಕೆಲಸ ಅದು, ಬ್ರಷ್ಷು ಹಿಡಿದು ಕೆಳಗಿಳಿದು ಉಜ್ಜುವುದು, ಬೇಕೆಂದೇ ನಿಲ್ಲಿಸಿಕೊಂಡ ಹಾಗೆ, ಮತ್ತು ನೋಡಿದವರೆಲ್ಲ ನಂಬಿದ ಹಾಗೆ ನಟಿಸುವುದು. ಬೆಳಿಗ್ಗೆಯಿಂದ ಆರು ದೋಣಿ ಹೋದವು. ಏನ್ ನೆವ್, ಸ್ನಾನ ಮಾಡಿಸ್ತಿದೀಯಾ ಅವಳಿಗೆ? ಹ್ಞೂಂ ಕಣಯ್ಯಾ, ಬಿಡುವಿತ್ತು, ಒಂದ್ಸಲ ಉಜ್ಜಿಬಿಡೋಣ ಅಂತ! ಲೋರ್ನಾ ಬೆನ್ನು ಚೆನ್ನಾಗಿ ಉಜ್ಜು ಮಾರಾಯ! ಹೋ ಎಂದು ನಗು. ಲೋರ್ನಾ. ದೋಣಿಯ ಹೆಸರು. ದೋಣಿಗಿಂತ ಮೊದಲು ಅವನ ಮೊದಲ ಹೆಂಡತಿಯ ಹೆಸರು. ಮದುವೆಯಾದ ವರ್ಷ ಕೇಳಿದ್ದೆ, ಬೇರೆ ಹೆಸರು ಬರೆಸೋಣವಾ, ನನ್ನದೇ ಬೇಡ, ಯಾವುದೋ ಒಂದು ಹಕ್ಕಿಯ ಹೆಸರಾದರೂ ಸರಿ, ಅವನು ಬಿಳಿಚಿಕೊಂಡ, ಥೂ, ಬಿಡ್ತು ಅನ್ನೇ, ದೋಣಿ ಹೆಸರು ಬದಲಾಯಿಸಿದ್ರೆ ಮುಳುಗೇಹೋಗ್ತೀವಿ, ಅಪ್ಪಂದಿರ ಕಾಲದಿಂದ ಯಾರೂ ಮಾಡಿಲ್ಲ. ಪ್ರತಿ ಚಳಿಗಾಲ ದೋಣಿಯ ಹಿಂಬದಿಯಲ್ಲಿ ಬೋರಲು ಮಲಗಿ ಸಣ್ಣ ಬ್ರಷ್ಷಿನಲ್ಲಿ ಒಂದೊಂದೇ ಅಕ್ಷರ ತಿದ್ದುತ್ತಾನೆ, ಡಬ್ಬಿ ಹಿಡಿದು ನಿಲ್ಲುವವಳು ನಾನು. ಆ ಮೊದಲ ಹೆಂಡತಿಯೇನು ಸತ್ತಿಲ್ಲ, ಪರ್ತ್‌ನಲ್ಲಿ ಹಲ್ಲಿನ ಡಾಕ್ಟರನನ್ನು ಕಟ್ಟಿಕೊಂಡು ಸುಖವಾಗಿದ್ದಾಳೆ, ಒಂದು ಭಾನುವಾರ ದೋಣಿ ಕಟ್ಟೆಗೆ ತಾಗಿದ್ದೇ ತಡ ಕೈಚೀಲ ಹಿಡಿದು ಇಳಿದವಳು ಹಿಂದಕ್ಕೆ ತಿರುಗಲಿಲ್ಲವಂತೆ. ಇಳಿದವಳ ಹೆಸರಿನ ಮೇಲೆ ನಾನು ಕೂತಿದ್ದೇನೆ, ಎಂಟು ವರ್ಷದಿಂದ, ದೋಣಿಯಿಂದ ದೋಣಿಗೆ ಮಾತಾಡುವ ರೇಡಿಯೊದಲ್ಲಿ ನಾನೇ ಲೋರ್ನಾ, ಅಲ್ಲಿ ದೋಣಿಯ ಹೆಸರೇ ಮನುಷ್ಯರ ಹೆಸರು, ಗುಡ್ ಮಾರ್ನಿಂಗ್ ಲೋರ್ನಾ, ಎಲ್ಲಿಗೆ ಹೊರಟ್ರಿ ಲೋರ್ನಾ. ನಿಂಬೆಹಣ್ಣು ಮೂಲೆಯಲ್ಲಿ, ಅದರ ಒಂದು ಮಗ್ಗುಲು ಒದ್ದೆಯಾಗಿದೆ.

ಸುಖವಿಲ್ಲವೆಂದಲ್ಲ, ಸುಳ್ಳೇಕೆ ಹೇಳಲಿ, ಸುಖವಿದೆ, ಎಂಜಿನ್ನು ಆರಿಸಿದ ಆ ಕ್ಷಣ, ಗಡಗಡ ನಿಂತು ಕಿವಿ ತೆರೆದುಕೊಳ್ಳುತ್ತದೆ, ಹಾಯಿ ಒಮ್ಮೆ ಪಟಪಟ ಬಡಿದು ಹೊಟ್ಟೆ ತುಂಬಿಸಿಕೊಳ್ಳುತ್ತದೆ, ದೋಣಿ ಸ್ವಲ್ಪ ವಾಲುತ್ತದೆ, ಇಷ್ಟಲ್ಲ, ಹಿತವಾಗಿ, ಚುಕ್ಕಾಣಿಯ ಕೋಲಿನಲ್ಲಿ ನೀರು ಅಂಗೈಗೆ ಮಾತಾಡುತ್ತದೆ, ಪೀಲ್ ದ್ವೀಪದ ಮರಳು ಕಾಣುತ್ತದೆ, ಬೆಣ್ಣೆ ಹಚ್ಚಿದ ಬ್ರೆಡ್ಡು, ಸಿಗಡಿ, ಮೇಲೆ ಹಿತ್ತಿಲ ನಿಂಬೆ ಹಿಂಡಿ — ಮೊದಲ ವರ್ಷ ಅಲ್ಲಿ ಲಂಗರು ಹಾಕಿದಾಗ ಕಡಲಹಸುವೊಂದು ಮೂತಿ ಎತ್ತಿ ಬುಸ್ಸೆಂದು ಉಸಿರು ಬಿಟ್ಟಿತು, ಮಗ್ಗುಲಲ್ಲಿ ಮರಿ, ನನ್ನ ಕಣ್ಣು ತುಂಬಿ ಬಂತು, ಆಗಲೇ ಅಂದೆ, ಅಯ್ಯೋ ನೆವ್, ಹೀಗೇ ಇದ್ದುಬಿಡೋಣ ಅನ್ಸುತ್ತೆ. ಅಷ್ಟೇ ಅಂದದ್ದು. ಒಂದೇ ಸಲ. ಬಾಯಿಗೆ ಹುಳ ಬೀಳಲಿ ನನಗೆ. ಅಂದಿನಿಂದ ಅವನದು ಅದೇ ರಾಗ, ನೀನೇ ಅಂದಿದ್ದಲ್ವಾ ಹೀಗೇ ಇದ್ದುಬಿಡೋಣ ಅಂತ, ಪೀಲ್ ಹತ್ರ, ಕಡಲಹಸು ದಿನ? ಮನೆ ಯಾಕೆ ಇನ್ನು, ಹುಲ್ಲು ಕೊಯ್ಯೋಕಾ, ಮಾರಿಬಿಡೋಣ, ಇಲ್ಲೇ ಇರೋಣ, ಕೊಳ್ಳೋರು ತಯಾರಿದ್ದಾರೆ, ಭಾನುವಾರ ಐದಕ್ಕೆ ಫೋನ್ ಮಾಡ್ತೀನಿ ಅಂತ ಹೇಳಿಯಾಗಿದೆ. ಹೇಳಿಯಾಗಿದೆ, ನನ್ನ ಮನೆಯ ಬಗ್ಗೆ. ಬೇಡ ಎಂದೆ, ಈಸ್ಟರಿನಲ್ಲಿ ಬೇಡ ಎಂದೆ, ಮೊನ್ನೆ ಪಾತ್ರೆ ತೊಳೆಯುತ್ತಾ ಬೇಡ ಎಂದೆ, ಸರಿ ಸರಿ ಆಮೇಲೆ ಮಾತಾಡೋಣ ಎಂದು ಕೆನ್ನೆ ತಟ್ಟಿ ಹೋದ, ಕೆಟ್ಟವನಲ್ಲ, ಕೈ ಎತ್ತಿದವನಲ್ಲ, ಬೆಳಿಗ್ಗೆ ಮೊದಲ ಟೀ ಅವನೇ ಮಾಡಿಕೊಡುವುದು, ಆದರೆ ನನ್ನ ಬೇಡ ಅವನ ಕಿವಿಗೆ ಬೀಳುವುದೇ ಇಲ್ಲ, ಮರುದಿನ ಕೇಳಿದರೆ ನೀನು ಬೇಡ ಅನ್ನಲೇ ಇಲ್ಲವಲ್ಲೇ ಎನ್ನುತ್ತಾನೆ, ನಿಜವಾಗಿ ನಂಬಿ ಹೇಳುತ್ತಾನೆ, ಅವನ ಮುಖ ನೋಡಿದರೆ ನನಗೇ ಅನುಮಾನ, ಅಂದೆನೋ ಇಲ್ಲವೋ. ಮನೆಯೂ ಹೋದರೆ ಯಾವ ಕಟ್ಟೆಯಲ್ಲಿ ಕೈಚೀಲ ಹಿಡಿದು ಇಳಿಯಲಿ ನಾನು, ಇಳಿದು ಎಲ್ಲಿಗೆ ಹೋಗಲಿ. ನಿಂಬೆಹಣ್ಣು ಮೂಲೆಯಲ್ಲಿ.

ಲೋರ್ನಾ, ಲೋರ್ನಾ, ಲೋರ್ನಾ — ತಲೆಯ ಮೇಲೆ ರೇಡಿಯೊ, ಡೆಲ್‌ಳ ದನಿ, ದಡದ ಮೇಲಿನ ಪುಟ್ಟ ಕೋಣೆಯಲ್ಲಿ ಕೂತು ಯಾರು ಹೊರಟರು ಯಾರು ಮರಳಿದರು ಎಂದು ಬರೆದಿಡುವವಳು, ಸಂಬಳವಿಲ್ಲದ ಸೇವೆ, ನಾನು ಅವಳ ಮುಖ ನೋಡಿಲ್ಲ — ಮೂರಕ್ಕೆ ಬರ್ತೀವಿ ಅಂದಿದ್ರಿ, ಎಲ್ಲಿದ್ದೀರಮ್ಮಾ? ಹೊರಗೆ ಕರಕರ ನಿಂತಿತು. ಗ್ಲೆನ್, ಕೆಸರಲ್ಲಿ ಕೂತಿದೀವಿ ಅಂತ ಮಾತ್ರ ಹೇಳ್ಬೇಡ್ವೇ, ಮಾನ ಹೋಗುತ್ತೆ, ಇಡೀ ಕೊಲ್ಲಿ ಕೇಳ್ತಿರುತ್ತೆ! ಕೇಳುತ್ತದೆ ಹೌದು, ಭಾನುವಾರ ಮಧ್ಯಾಹ್ನ ಇನ್ನೇನು ಕೆಲಸ ಅವರಿಗೆ, ಎಲ್ಲ ದೋಣಿಯಲ್ಲೂ ಇದೇ ಚಾನೆಲ್ಲು, ಮೈಕಿನ ಗುಂಡಿ ಒತ್ತಿದರೆ ಆಡಿದ್ದು ಎಲ್ಲರಿಗೂ, ಬಿಡುವ ತನಕ ಬೇರೆ ಯಾರೂ ಬಾಯಿ ಹಾಕುವ ಹಾಗಿಲ್ಲ, ಹೋದ ಈಸ್ಟರಿನಲ್ಲಿ ಇನ್ನೊಂದು ದೋಣಿಯ ರೈಲೀನ್ ಗೊತ್ತಾಗದೆ ಮೈಕಿನ ಮೇಲೆ ಕೂತುಬಿಟ್ಟಿದ್ದಳು, ನಿನ್ನಕ್ಕ ಮಾಡೋ ಕೇಕು ಚಪ್ಪಲಿ ಅಡಿ ಇದ್ದ ಹಾಗಿರುತ್ತೆ ಕಣೋ ಎಂದು ಗಂಡನಿಗೆ ಹೇಳಿದ್ದು ಹದಿನೈದು ನಿಮಿಷ ಕೊಲ್ಲಿಗೆಲ್ಲ ಕೇಳಿತು, ಅಕ್ಕ ಇವತ್ತಿಗೂ ಮಾತು ಬಿಟ್ಟಿದ್ದಾಳೆ, ರೈಲೀನ್ ಅನ್ನಲೇ ಇಲ್ಲವೆಂದು ಯಾರೂ ಹೇಳಲಾರರು, ಇನ್ನೂರು ಜನ ಕೇಳಿದ್ದಾರೆ. ಇನ್ನೂರು ಜನ. ಲೋರ್ನಾ, ಲೋರ್ನಾ, ಕೇಳಿಸ್ತಿದೆಯಾ? ಕೈ ಮೇಲಕ್ಕೆ ಹೋಯಿತು, ಮೈಕು ತಣ್ಣಗಿದೆ, ನನ್ನದೇ ಪೂರ್ತಿ ಹೆಸರು, ಗ್ಲೆನಿಸ್ ಎನ್ನಬೇಕು, ಇವತ್ತಾದರೂ ಗ್ಲೆನಿಸ್ ಎನ್ನಬೇಕು, ಒತ್ತಿದೆ, ಲೋರ್ನಾ ಮಾತಾಡ್ತಿದೀನಿ, ಡೆಲ್ — ಅಯ್ಯೋ ದೇವರೇ, ನಾಲಿಗೆ ತಾನಾಗಿಯೇ ಹೊರಳಿತಲ್ಲ. ಮೆಟ್ಟಿಲ ಬಾಗಿಲಿನಲ್ಲಿ ನೆವ್‌ನ ತಲೆ, ಮೂಗಿನ ಮೇಲೆ ಕೆಸರು, ನೀರು ಏರ್ತಿದೆ ಕಣೇ, ಇನ್ನೇನು ಎದ್ದುಬಿಡ್ತಾಳೆ, ಐದರೊಳಗೆ ಮನೇಲಿರ್ತೀವಿ, ಅವರಿಗೆ ಹ್ಞೂಂ ಅಂತ ತಾನೆ ಹೇಳೋದು? ನಗುತ್ತಿದ್ದಾನೆ, ಪಾಪ, ಎಷ್ಟು ಖುಷಿ ಮುಖದಲ್ಲಿ. ನನ್ನ ಹೆಬ್ಬೆರಳು ಗುಂಡಿಯ ಮೇಲೆ, ಉಗುರು ಬೆಳ್ಳಗಾಗಿದೆ, ಬಿಟ್ಟಿಲ್ಲ. ಇಲ್ಲ ನೆವ್, ಮನೆ ಮಾರಲ್ಲ, ನಾನು ಗ್ಲೆನಿಸ್ ಹೇಳ್ತಿದೀನಿ, ಮನೆ ನಂದು, ಮಾರಲ್ಲ. ಅವನು ಬಾಯಿ ತೆರೆದ, ಆಮೇಲೆ ಮಾತಾ — ಎಂದವನ ಕಣ್ಣು ನನ್ನ ಕೈಗೆ ಬಿತ್ತು, ಮೈಕಿಗೆ, ಹೆಬ್ಬೆರಳಿಗೆ, ಇನ್ನೂರು ಜನ ಕೇಳುತ್ತಿದ್ದಾರೆ. ಬಿಟ್ಟರೆ ಡೆಲ್ ಮಾತಾಡುತ್ತಾಳೆ, ಬಿಟ್ಟರೆ ಆರು ದೋಣಿಯವರೂ ಮಾತಾಡುತ್ತಾರೆ, ನಗುತ್ತಾರೋ ಏನನ್ನುತ್ತಾರೋ, ಬಿಟ್ಟರೆ ಇವನೂ ಏನಾದರೂ ಹೇಳಬೇಕಾಗುತ್ತದೆ, ಬಿಡುವುದಿಲ್ಲ, ಬೆರಳು ನೋಯುತ್ತಿದೆ, ದೋಣಿಯ ಅಡಿಯಲ್ಲಿ ಏನೋ ಸಡಿಲಾಯಿತು, ಕೆಸರು ಬಾಯಿ ಬಿಟ್ಟ ಸದ್ದು, ನೆಲ ಕೂದಲೆಳೆಯಷ್ಟು ಎದ್ದಿತು, ನಿಂತಿತು, ಅವನು ನನ್ನ ಬೆರಳನ್ನು ನೋಡುತ್ತಿದ್ದಾನೆ, ನಾನು ಮೂಲೆಯನ್ನು, ನಿಂಬೆಹಣ್ಣು, ಒಂದು ಮಗ್ಗುಲು ಒದ್ದೆ, ಅಲುಗಿತು, ನಿಂಬೆಹಣ್ಣು, ಅಲುಗಿತು, ಇನ್ನೂ ಉರುಳಿಲ್ಲ, ನಿಂಬೆಹಣ್ಣು