ಎರಡು ದಾರಿ

ದೇಹವನ್ನು ಮನೆ ಮುಂದಿನ ವ್ಯಾನಿನೊಳಗೆ ಸರಿಸುತ್ತಿದ್ದಾಗ ಅವನ ಅಂಗಿಯ ಜೇಬಿನಿಂದ ಕನ್ನಡಕವೊಂದು ಜಾರಿ ಬಿತ್ತು. ಹೆಂಡತಿ ಎತ್ತಿಕೊಂಡಳು. ಇನ್ನೊಂದು ಅವನ ಮೂಗಿನ ಮೇಲೆಯೇ ಇತ್ತು.

“ಹೋಗುವಾಗಲೂ ಎರಡೆರಡು,” ಎಂದ ಅವಳ ಅಣ್ಣ. “ಕೊಡೆ ಎರಡು, ಗಡಿಯಾರ ಎರಡು. ಹೆಂಡತಿ ಮಾತ್ರ ಒಬ್ಬಳೇ ಆಗಿದ್ದು ನಮ್ಮ ಪುಣ್ಯ.”

ಆಸ್ಪತ್ರೆಯ ಕಂಪ್ಯೂಟರುಗಳಿಗೆಲ್ಲ ಕೇಬಲ್ ಎಳೆದವನು ಅವನೇ. ಎಲ್ಲರೂ ಎರಡಣ್ಣ ಎಂದೇ ಕರೆಯುತ್ತಿದ್ದರು. ಮನೆ ಆಸ್ಪತ್ರೆಯ ಹಿಂದೆಯೇ; ರಸ್ತೆಗೆ ಹೋಗಲು ಅದರ ಅಂಗಳವನ್ನೇ ದಾಟಬೇಕು. ಆದರೂ ಮಗಳು ಬಂದಿರಲಿಲ್ಲ. ಅವಳಿನ್ನೂ ಹೆರಿಗೆ ವಾರ್ಡಿನಲ್ಲಿದ್ದಳು. ತಿಂಗಳು ತುಂಬದೆ ಹುಟ್ಟಿದ ಕೂಸು ಹೊಸ ಕಟ್ಟಡದ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದರ ಉಸಿರು ತಪ್ಪಿದರೆ ಅವನೆಳೆದ ಕೇಬಲ್ಲಿನ ಮೂಲಕವೇ ಹಳೆ ಕಟ್ಟಡದಲ್ಲಿ ನರ್ಸುಗಳ ಮೇಜಿನ ಮೇಲೆ ಗಂಟೆ ಹೊಡೆಯಬೇಕು.

“ಕೂಸಿನ ಚಿಂತೆ ಬೇಡ ಅತ್ತಿಗೆ,” ಎಂದ ಅವನ ಜೊತೆ ಕೆಲಸ ಮಾಡುತ್ತಿದ್ದವನು. “ಎರಡಣ್ಣ ಹೇಳ್ಕೊಟ್ಟ ಹಾಗೇ ವಾರ ವಾರ ಎರಡರಲ್ಲಿ ಒಂದು ಕೇಬಲ್ ಕಿತ್ತು ನೋಡ್ತೀನಿ. ಇನ್ನೊಂದು ತಕ್ಷಣ ಹಿಡ್ಕೊಳ್ಳುತ್ತೆ.”

ಅವಳು ಎರಡು ಕಟ್ಟಡಗಳ ನಡುವಿನ ಖಾಲಿ ಆಕಾಶವನ್ನು ನೋಡಿದಳು. “ಮೇಲಿದ್ದಿದ್ದು ಎಲ್ಲಿ?”

*

ಅಡುಗೆಮನೆ ಕಿಟಕಿಯಿಂದ ಒಮ್ಮೆ ಅವನೇ ತೋರಿಸಿದ್ದ. ಒಂದು ಕೇಬಲ್ ತಾರಸಿಯಿಂದ ತಾರಸಿಗೆ, ಇನ್ನೊಂದು ನೆಲದಡಿಯ ಪೈಪಿನಲ್ಲಿ.

“ಎರಡೂ ಸೇರಿ ಒಂದೇ ಕೇಬಲ್ಲಿನ ಹಾಗೆ ಭಾರ ಹಂಚ್ಕೊಳ್ತವೆ. ಒಂದು ಹೋದ್ರೆ ಇನ್ನೊಂದು ಪೂರ್ತಿ ಹೊರುತ್ತೆ. ಆದ್ರೆ ದಾರಿ ಬೇರೆ ಬೇರೆ ಇರ್ಬೇಕು. ಒಟ್ಟಿಗೆ ದುಡೀಬೇಕು, ಒಟ್ಟಿಗೆ ಸಾಯಬಾರದು.”

“ಅಂದ್ರೆ ನಾನೊಬ್ಬಳೇ ಉಳೀಬೇಕಾ?”

“ಉಳಿದೋರು ಹೊರ್ಬೇಕು,” ಎಂದು ಅವನು ಆರಿದ ಕಾಫಿ ಕುಡಿದಿದ್ದ. ಅವತ್ತು ಅವಳಿಗೆ ಸಿಟ್ಟು ಬಂದಿತ್ತು.

*

“ನೇತಾಡ್ತಿದೆ, ನೋಡೋಕೆ ಚೆನ್ನಾಗಿಲ್ಲ ಅಂದ್ರು ಆಸ್ಪತ್ರೆ ಸಾಹೇಬ್ರು,” ಎಂದ ಜೊತೆಗಾರ. “ಎರಡಣ್ಣ ಹಾಸಿಗೆ ಹಿಡಿದಾಗ ಅದನ್ನೂ ಕೆಳಗಿನ ಪೈಪಿಗೇ ಸೇರಿಸ್ಬಿಟ್ಟೆ. ವೇಗ ಏನೂ ಕಮ್ಮಿ ಆಗಿಲ್ಲ.”

“ಎರಡೂ ಒಂದೇ ಪೈಪಲ್ಲಾ?”

ವ್ಯಾನು ಹೊರಟಿತು, ಉಳಿದವರು ಹಿಂದೆ ನಡೆದರು.

ಕಟ್ಟಡಗಳ ನಡುವಿನ ಅಂಗಳದಲ್ಲಿ ನೀರಿನ ಕೊಳವೆಗೆ ಕಾಲುವೆ ತೋಡುತ್ತಿದ್ದರು. ಶವ ಕಂಡು ಜೆಸಿಬಿ ಯಂತ್ರದವನು ಅಗೆತ ನಿಲ್ಲಿಸಿದ. ಬಕೆಟ್ಟು ಗಾಳಿಯಲ್ಲೇ ನಿಂತಿತು. ಅದರ ಕೆಳಗಿನ ನೆಲವನ್ನು ನೋಡಿ ಜೊತೆಗಾರನ ಮುಖ ಬಿಳಿಚಿಕೊಂಡಿತು.

“ಇಲ್ಲಿ ಅಗೀಬೇಡ. ಕೆಳಗೆ ಕೇಬಲ್ ಪೈಪಿದೆ.”

“ಹೆಣ ದಾಟ್ಲಿ ಅಂತ ನಿಲ್ಸಿದೀನಿ ಅಷ್ಟೆ,” ಎಂದ ಯಂತ್ರದವನು. “ಕೆಲಸ ನಿಲ್ಸೋಕೆ ಸಾಹೇಬ್ರೇ ಹೇಳ್ಬೇಕು.”

ಜೊತೆಗಾರ ಸಾಹೇಬರನ್ನು ಹುಡುಕಿಕೊಂಡು ಓಡಿದ. ವ್ಯಾನು ಮೆಲ್ಲಗೆ ಬಕೆಟ್ಟಿನ ಕೆಳಗೆ ಬಂತು. ಇನ್ನೆರಡು ಮಾರು ಹೋದರೆ ದಾಟಿಬಿಡುತ್ತಿತ್ತು, ಬಕೆಟ್ಟು ಮತ್ತೆ ನೆಲಕ್ಕಿಳಿಯುತ್ತಿತ್ತು. ಅವಳು ಮುಂದೆ ಹೋಗಿ ಅಡ್ಡ ನಿಂತಳು.

“ಇಲ್ಲೇ ನಿಲ್ಸಪ್ಪ. ಎಂಜಿನ್ ಆರಿಸು.”

“ಹೊತ್ತಾಗುತ್ತೆ ಕಣಮ್ಮ,” ಎಂದ ಅವಳ ಅಣ್ಣ.

“ಆಗ್ಲಿ. ಅವರಿಗಿನ್ನೇನು ಅವಸರ?”

ಯಂತ್ರದವನು ಒಮ್ಮೆ ಹಾರ್ನ್ ಹೊಡೆದ. ಅವಳು ಕದಲಲಿಲ್ಲ. ಕನ್ನಡಕ ಅವಳ ಮುಷ್ಟಿಯಲ್ಲಿ ಬೆವರುತ್ತಿತ್ತು. ಜೊತೆಗಾರ ಹೋದ ಬಾಗಿಲಲ್ಲಿ ಯಾರೂ ಕಾಣಲಿಲ್ಲ. ತಲೆಯ ಮೇಲೆ ತೂಗುತ್ತಿದ್ದ ಬಕೆಟ್ಟಿನಿಂದ ಹಸಿಮಣ್ಣು ಒಂದೊಂದೇ ಹೆಂಟೆಯಾಗಿ ವ್ಯಾನಿನ ಚಾವಣಿಯ ಮೇಲೆ ಬೀಳುತ್ತಿತ್ತು.